ಹಂದಿಯ ಹಾದಿಗೆಂದು ಕಟ್ಟಿದ ಕ್ಯಾಮೆರಾ

ಹನ್ನೊಂದು ಸಾವಿರದ ಇನ್ನೂರು ರೂಪಾಯಿ ಆಯಿತು. ಒಂಬತ್ತು ಸಾವಿರ ಕ್ಯಾಮೆರಾಕ್ಕೆ, ಐದುನೂರು ಅದರೊಳಗಿನ ಕಾರ್ಡಿಗೆ, ಇನ್ನೂರು ಮೊದಲ ಸಲ ತಂದ ಕೆಟ್ಟ ಸೆಲ್ಲುಗಳಿಗೆ, ಒಂದೂವರೆ ಸಾವಿರ ಎರಡನೇ ಸಲ ತಂದ ಒಳ್ಳೆಯ ಸೆಲ್ಲು ಮತ್ತು ಅವನ್ನು ಚಾರ್ಜ್ ಮಾಡುವ ಡಬ್ಬಿಗೆ. ಇದಕ್ಕಿಂತ ಕಡಿಮೆಗೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನಾಲ್ಕೂ ತಾಲೂಕಿನಲ್ಲಿ ಇಂಥ ಕ್ಯಾಮೆರಾವನ್ನು ಯಾರೂ ತಂದಿರಲಾರರು. ಈ ಬರಹದಲ್ಲಿ ನಾನು ತಲೆ ಎತ್ತಿ ಹೇಳಬಹುದಾದ ಮಾತು ಇದೊಂದೇ ಇರುವುದರಿಂದ ಮೊದಲೇ ಹೇಳಿ ಮುಗಿಸಿದೆ.

ಬೇರೆಯವರಿಗೆ ಆದ ನಷ್ಟ ಬೇರೆ. ನಮ್ಮೂರ ಮೂಡಣ ಓಣಿಯ ಹೆಣ್ಣುಮಕ್ಕಳು ನಸುಕಿನಲ್ಲಿ ಹೊರಕಡೆ ಹೋಗುವ ಒಂದೇ ಒಂದು ಮರೆಯ ಜಾಗ ನನ್ನಿಂದ ಅವರ ಕೈತಪ್ಪಿತು. ಬೇಕಂತ ಮಾಡಲಿಲ್ಲ. ಆದರೆ ಬೇಕಂತ ಮಾಡಲಿಲ್ಲ ಎನ್ನುವುದು ಅವರಿಗೆ ಯಾವ ಉಪಯೋಗಕ್ಕೂ ಬರಲಿಲ್ಲ.

ಕ್ಯಾಮೆರಾ ತಂದದ್ದು ಕಾಡಹಂದಿಗಾಗಿ. ತಾಂಬಾಕ್ಕೆ ಹೋಗುವ ದಾರಿಯಲ್ಲಿ ನಮ್ಮೂರು. ಊರ ಮೂಡಲಿಗೆ, ಹಳ್ಳದ ಜಾಲಿ ಗಿಡಗಳಿಗೆ ಹತ್ತಿಕೊಂಡು ನನ್ನ ನಾಲ್ಕು ಎಕರೆ ಗೋವಿನಜೋಳ, ಅದರ ಆಚೆ ಒಂದು ಎಕರೆ ಲಿಂಬೆ. ತೆನೆಯಲ್ಲಿ ಹಾಲು ತುಂಬಿದ ವಾರವೇ ಹಂದಿಗಳ ಹಂಗಾಮು. ಹೋದ ವರ್ಷ ಎರಡೇ ರಾತ್ರಿಯಲ್ಲಿ ಅರ್ಧ ಎಕರೆ ಮಲಗಿಸಿ ಹೋಗಿದ್ದವು. ತಿಂದದ್ದು ಕಡಿಮೆ, ತುಳಿದದ್ದು ಹೆಚ್ಚು. ಅವುಗಳನ್ನು ಹೊಡೆಯುವ ಹಾಗಿಲ್ಲ, ಹೊಡೆಯುವ ಮನಸ್ಸೂ ನನಗಿಲ್ಲ. ಸರ್ಕಾರದ ಪರಿಹಾರಕ್ಕೆ ಅರ್ಜಿ ಕೊಡುವಾಗ ಹಂದಿಯದೇ ಒಂದು ಫೋಟೋ ಇದ್ದರೆ ಕೆಲಸ ಹಗುರಾಗುತ್ತದೆ ಎಂದು ತಿಳಿದವರು ಹೇಳಿದರು. ಅಷ್ಟೇ ಸಾಕಾಯಿತು ನನಗೆ. ಒಂದು ಸಾಮಾನು ಕೊಳ್ಳಬೇಕು ಎಂದು ಗೊತ್ತಾದರೆ ನನ್ನ ಮೈಯಲ್ಲಿ ರಕ್ತ ಜೋರಾಗಿ ಓಡುತ್ತದೆ.

ನಾನು ಸಿಂದಗಿ ಸಂತೆಯಲ್ಲಿ ಖಾಲಿ ಗೋಣಿಚೀಲ ಕೊಂಡು ಇಂಡಿಯ ಲಿಂಬೆ ವ್ಯಾಪಾರಿಗಳಿಗೆ ಮಾರುತ್ತ ಶುರು ಮಾಡಿದವನು. ಒಂದು ಚೀಲಕ್ಕೆ ನಾಲ್ಕಾಣೆ ಉಳಿದರೆ ಅದೇ ಹಬ್ಬ. ಈಗ ಇಂಡಿಯಲ್ಲಿ ಪೈಪು, ಮೋಟರು, ನೀರಾವರಿ ಸಾಮಾನಿನ ಅಂಗಡಿ ಇದೆ. ರೇಟು ಕೇಳುವುದು, ರೇಟು ಮುರಿಯುವುದು, ಮುರಿದ ಮೇಲೆ ಇನ್ನೊಂದು ಸಾಮಾನನ್ನು ಪುಕ್ಕಟೆ ಹಾಕಿಸಿಕೊಳ್ಳುವುದು, ಇಷ್ಟೇ ನನ್ನ ವಿದ್ಯೆ. ಊರಲ್ಲಿ ಯಾರಾದರೂ ಫ್ಯಾನು ಕೊಳ್ಳಲಿ, ಎಮ್ಮೆ ಕೊಳ್ಳಲಿ, ಮೊದಲು ನನ್ನನ್ನು ಕರೆಯುತ್ತಿದ್ದರು. ಕರೆಯದಿದ್ದರೂ ನಾನೇ ಹೋಗಿ ಹೇಳುತ್ತಿದ್ದೆ.

ಮೊದಲು ಗೊಳಸಂಗಿಗೆ ಹೋದೆ. ಅಲ್ಲಿಯ ನಮ್ಮ ಬೀಗರು ಎರಡು ವರ್ಷದಿಂದ ಇಂಥದೊಂದನ್ನು ಹೊಲದಲ್ಲಿ ಕಟ್ಟಿದ್ದರು. ಎದುರಿಗೆ ಏನಾದರೂ ಬಿಸಿ ಮೈಯ ಪ್ರಾಣಿ ಅಲ್ಲಾಡಿದರೆ ತಾನೇ ಫೋಟೋ ಹೊಡೆಯುತ್ತದೆ, ಹಗಲೂ ರಾತ್ರಿಯೂ. ಬೀಗರು ತೆಗೆದು ತೋರಿಸಿದರು. ಮುಷ್ಟಿಗಿಂತ ಸ್ವಲ್ಪ ದೊಡ್ಡ ಪೆಟ್ಟಿಗೆ, ಗಿಡದ ತೊಗಟೆಯ ಬಣ್ಣ.

"ಸೆಲ್ಲಿನ್ಯಾಗ ಜಿಪುಣತನ ಮಾಡಬ್ಯಾಡ್ರಿ ಬೀಗರ," ಅಂದರು. "ಮತ್ತ ಎಲ್ಲಿ ಕಟ್ಟೋದು ಅನ್ನೋದನ್ನ ನಾಕ ಮಂದೀನ ಕೇಳಿ ಕಟ್ರಿ."

"ಜಾಡ ನೋಡೋದು ನನಗ ಬಿಡ್ರಿ," ಅಂದೆ. "ಹೊಲದಾಗ ಹುಟ್ಟಿದವ ನಾ."

ಎರಡು ಮಾತು ಹೇಳಿದ್ದರು. ಎರಡನ್ನೂ ಕೇಳಲಿಲ್ಲ.

ಮುದ್ದೇಬಿಹಾಳದ ಒಂದು ಅಂಗಡಿಯಲ್ಲಿ ಎರಡು ನಮೂನೆ ಇದ್ದವು. ಕತ್ತಲಲ್ಲಿ ಫೋಟೋ ತೆಗೆಯುವಾಗ ಒಂದರ ಮುಖದ ಮೇಲೆ ಸಣ್ಣ ಕೆಂಪು ಚುಕ್ಕೆಗಳು ಮಿಣಕ್ ಎಂದು ಕಾಣುತ್ತವೆ. ಇನ್ನೊಂದರಲ್ಲಿ ಏನೂ ಕಾಣುವುದಿಲ್ಲ. ಎದುರಿಗೇ ನಿಂತರೂ ಫೋಟೋ ಹೊಡೆದದ್ದು ಗೊತ್ತಾಗುವುದಿಲ್ಲ. ಅಂಗಡಿಯವನು ಮೊದಲನೆಯದಕ್ಕೆ ಕೆಂಪು, ಎರಡನೆಯದಕ್ಕೆ ಕರಿ ಎಂದು ಹೆಸರಿಟ್ಟಿದ್ದ.

"ಕೆಂಪಂದು ಒಂಬತ್ತೂವರಿ, ಕರೀದು ಹನ್ನೆರಡೂವರಿ. ಕೊನೀ ರೇಟ್ ರೀ."

"ನೀವು ಮೊದಲ್ನೇ ರೇಟ್ ಹೇಳ್ರಿ, ಕೊನೀದು ನಾ ಹೇಳ್ತೇನಿ."

"ಕಾಕಾ, ಇದ್ರಾಗ ಉಳಿಯೂದ ಐದುನೂರು."

"ಪೆಟಿಗಿ ಮ್ಯಾಲ ಧೂಳ ನೋಡಪಾ. ಇದ್ರ ಮ್ಯಾಲ ಬದನಿಗಿಡಾ ಹಚ್ಚಿದ್ರ ಕಾಯಿ ಬಿಡ್ತಿತ್ತು. ಎರಡು ವರ್ಷ ಆತು ಇದನ್ನ ಯಾರೂ ಮುಟ್ಟಿಲ್ಲ."

ಅವನ ಖರ್ಚಿನಲ್ಲಿ ಎರಡು ಚಹಾ ಕುಡಿದೆ. ಮೂರು ಸಲ ಎದ್ದು ಮೆಟ್ಟಿಲ ತನಕ ಹೋದೆ. ಮೂರನೇ ಸಲ ಅವನು ಕರೆಯುವುದು ಸ್ವಲ್ಪ ತಡವಾಯಿತು, ನಾನು ಚಪ್ಪಲಿ ಮೆಟ್ಟುವುದನ್ನು ತಡಮಾಡಿದೆ. ಕಡೆಗೆ ಕರಿಯದನ್ನು ಕೆಂಪಿನದಕ್ಕಿಂತಲೂ ಐದುನೂರು ಕಡಿಮೆಗೆ ಇಳಿಸಿದೆ, ಕಟ್ಟುವ ಪಟ್ಟಿಯನ್ನು ಪುಕ್ಕಟೆ ಹಾಕಿಸಿಕೊಂಡೆ.

"ನಿಮ್ಮಂಥವರು ದಿನಕ್ಕ ಇಬ್ಬರು ಬಂದ್ರ ನಾ ಬಾಗಲಾ ಹಾಕ್ಕೊಂಡು ಹೋಗಬೇಕಾಗ್ತತಿ," ಅಂದ. ಬಸ್ಸಿನಲ್ಲಿ ಅದನ್ನು ನೆನೆದು ಒಬ್ಬನೇ ನಗುತ್ತ ಬಂದೆ. ಕರಿಯದೇ ಬೇಕು ಎಂದು ಹಟ ಹಿಡಿದದ್ದಕ್ಕೂ ಕಾರಣವಿತ್ತು. ಯಾರ ಕಣ್ಣಿಗೂ ಬೀಳದಿದ್ದರೆ ಯಾರೂ ಕದಿಯುವುದಿಲ್ಲ. ಇದು ನನ್ನ ಜಾಣತನ. ನೆನಪಿಟ್ಟುಕೊಳ್ಳಿ.

ಸೆಲ್ಲುಗಳನ್ನು ಬಸವನ ಬಾಗೇವಾಡಿಯಲ್ಲಿ ಇಳಿದು ಒಂದು ಹೋಲ್‌ಸೇಲ್ ಅಂಗಡಿಯಲ್ಲಿ ತಂದೆ. ಗೋಡೆ ಗಡಿಯಾರಕ್ಕೆ ಹಾಕುವಂಥವು, ಹತ್ತು ರೂಪಾಯಿಗೆ ಒಂದರಂತೆ ಇಪ್ಪತ್ತರ ಡಬ್ಬಿ. ಗಡಿಯಾರದಲ್ಲಿ ವರ್ಷ ನಡೆಯುವ ಸೆಲ್ಲು ಕ್ಯಾಮೆರಾದಲ್ಲಿ ಎರಡು ರಾತ್ರಿ ನಡೆಯಲಿಲ್ಲ. ಹಗಲಲ್ಲಿ ಪರೀಕ್ಷೆ ಮಾಡಿದರೆ ಜೀವ ಇದೆ ಎಂದು ತೋರಿಸುತ್ತದೆ, ಕತ್ತಲಲ್ಲಿ ಬೆಳಕು ಬಿಡಬೇಕಾದಾಗ ಸಾಯುತ್ತದೆ. ಉಳಿಸಬೇಕೆಂದು ಐದು ಹಳೆಯದಕ್ಕೆ ಮೂರು ಹೊಸದನ್ನು ಸೇರಿಸಿ ಹಾಕಿದೆ. ಒಂದು ಸೆಲ್ಲು ಸೋರಿ ಒಳಗೆಲ್ಲ ಬಿಳಿ ಪುಡಿ. ಹಲ್ಲುಜ್ಜುವ ಬ್ರಶ್ಶಿಗೆ ಲಿಂಬೆರಸ ಹಚ್ಚಿ ತಿಕ್ಕಿ ತೆಗೆಯುವಾಗ ಹೆಂಡತಿ ಕೇಳಿದಳು, "ಆ ಡಬ್ಬಿಗೆ ಎಷ್ಟ ಸ್ನಾನಾ ಮಾಡಸ್ತೀರಿ?" ಕಡೆಗೆ ಚಾರ್ಜ್ ಆಗುವ ಎಂಟು ಒಳ್ಳೆಯ ಸೆಲ್ಲು ತಂದೆ. ಆಮೇಲೆ ಕ್ಯಾಮೆರಾ ನಿಲ್ಲದೆ ಒಂಬತ್ತು ದಿನ ಓಡಿತು. ಆ ಕೆಟ್ಟ ಸೆಲ್ಲುಗಳೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ.

ಕಟ್ಟುವ ಜಾಗ ಹುಡುಕಲು ಮಧ್ಯಾಹ್ನದ ಬಿಸಿಲಲ್ಲಿ ಒಬ್ಬನೇ ಹೋದೆ. ತುಳಿದು ನುಣುಪಾದ, ಇಕ್ಕಟ್ಟಾದ ಹಾದಿ ನೋಡಿ ಕಟ್ಟಿ ಎಂದು ಯೂಟ್ಯೂಬಿನ ಒಬ್ಬ ಹೇಳಿದ್ದ. ಹೊಲದ ಬದುವಿಗೂ ಜಾಲಿ ಪೊದೆಗೂ ನಡುವೆ ಅಂಥ ಹಾದಿ ಸಿಕ್ಕೇ ಸಿಕ್ಕಿತು. ಒಂದು ಅಡಿ ಅಗಲ, ಅಂಗೈಯಂತೆ ನುಣುಪು. ಬಾಗಿ ಜಾಲಿಯ ಸಂದಿಯಲ್ಲಿ ಒಳಹೊಕ್ಕು ಹಳ್ಳದ ಕಡೆ ಇಳಿಯುತ್ತಿತ್ತು. "ಸಿಕ್ಕಿರಿ ಮಕ್ಕಳ್ರ್ಯಾ," ಎಂದು ಬಾಯಿಬಿಟ್ಟೇ ಹೇಳಿದೆ. ಬೇವಿನ ಗಿಡಕ್ಕೆ ಮೊಣಕಾಲೆತ್ತರದಲ್ಲಿ ಕಟ್ಟಿ, ಮುಂದೆ ಎರಡು ಜಾಲಿ ಟೊಂಗೆ ಇಟ್ಟು ಮರೆಮಾಡಿ, ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದೆ. ನನಗೇ ಕಾಣಲಿಲ್ಲ. ಎಂಥ ಖುಷಿ.

ಒಂಬತ್ತನೆಯ ದಿನ ಮುಂಜಾನೆ ಎಂಟರ ಸುಮಾರಿಗೆ ಕಾರ್ಡು ತೆಗೆದುಕೊಂಡು ನೇರ ಚಹಾದ ಹೋಟೆಲ್ಲಿಗೆ ಹೋದೆ. ಮನೆಗೆ ಹೋಗಿ ನೋಡಬಹುದಿತ್ತು. ಆದರೆ ಅಲ್ಲಿ ನೋಡುವವರು ಯಾರು? ಹೋಟೆಲ್ಲಿನಲ್ಲಿ ಐದಾರು ಜನ ಇದ್ದರು. ನನ್ನ ಹೊಲದ ಪಕ್ಕದ ಹೊಲದವನಾದ, ನಾನು ಚಿಕ್ಕಂದಿನಿಂದ ಚಾಚಾ ಎಂದು ಕರೆಯುವ ಹಿರಿಯನೂ ಇದ್ದ. ಕಾರ್ಡನ್ನು ಫೋನಿಗೆ ಸಿಕ್ಕಿಸಿ ಬೆಂಚಿನ ಮೇಲೆ ಹರಡಿಕೊಂಡು ಕುಳಿತೆ.

"ಏನಪಾ, ಬ್ಯಾಟಿ ಸಿಕ್ಕೈತೇನು?"

"ತಡೀರಿ. ಇದು ನಾಯಿ. ಇದು ಮೊಲ. ಇದು... ಇದೂ ನಾಯಿ."

"ಹಂದಿಗೆ ನಿನ್ನ ಸುದ್ದಿ ಗೊತ್ತಾಗೇತಿ. ಹೋದ್ರ ರೇಟ್ ಕಟ್ಟತಾನ ಅಂತ ಬಂದಿಲ್ಲ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಬೆರಳಿನಿಂದ ಸರಿಸುತ್ತ ಹೋದೆ. ಕಪ್ಪು-ಬಿಳಿ ಫೋಟೋ, ಕೆಳಗೆ ನಸುಕಿನ ಐದು ಗಂಟೆಯ ಸಮಯ. ತಲೆಯ ಮೇಲೆ ಸೆರಗು ಹೊದ್ದ ಒಂದು ಆಕೃತಿ ಪಕ್ಕಕ್ಕೆ ತಿರುಗಿ ನಿಂತಿತ್ತು.

"ಸಿಕ್ಕಳಪಾ ಕಳ್ಳಿ!" ಅಂದೆ. ಬದುವಿನ ಕಡೆಯ ಸಾಲುಗಳಲ್ಲಿ ತೆನೆ ಕಡಿಮೆಯಾಗಿದ್ದವು, ಅದೇ ತಲೆಯಲ್ಲಿತ್ತು.

"ಹಂದಿ ಸೀರಿ ಉಟ್ಟೈತಲ್ಲೋ ಇದು!" ಎಂದು ಒಬ್ಬ ಹಿಂದಿನಿಂದ ಬಗ್ಗಿದ.

"ನೋಡ್ರಿ ಇಲ್ಲಿ, ಕೈಯಾಗ ಏನೋ ಹೊಳ್ಯಾಕತ್ತೈತಿ. ಕುಡಗೋಲ. ತೆನಿ ಕೊಯ್ಯಾಕ ಬಂದಾಳ." ಎರಡು ಬೆರಳಿನಿಂದ ಹಿಗ್ಗಿಸಿ ದೊಡ್ಡದು ಮಾಡಿದೆ. "ನಲವತ್ತು ಫೂಟ್ ದೂರದಿಂದ ಸೀರಿ ದಡಿ ಸೈತ ಕಾಣಸ್ತತಿ. ಒಂಬತ್ತು ಸಾವಿರದಾಗ! ಯಾವನರೆ ತರಲಿ ನೋಡೂಣು."

ಚಾಚಾ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದ. ಮುಂದಿನ ಫೋಟೋಕ್ಕೆ ನನ್ನ ಬೆರಳು ಹೋಗುವಷ್ಟರಲ್ಲಿ ತನ್ನ ಇಡೀ ಅಂಗೈಯನ್ನು ಫೋನಿನ ಮೇಲೆ ಇಟ್ಟುಬಿಟ್ಟ.

"ಕುಡಗೋಲ ಅಲ್ಲಪಾ ಅದು," ಅಂದ. "ತಂಬಗಿ ಐತಿ."

ನೀರು ತುಂಬಿದ ತಂಬಿಗೆ ಹಿಡಿದು ನಸುಕಿನಲ್ಲಿ ಹೆಣ್ಣುಮಗಳೊಬ್ಬಳು ಎಲ್ಲಿಗೆ ಹೋಗುತ್ತಾಳೆ ಎಂದು ಅಲ್ಲಿದ್ದ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಅಷ್ಟೇ ಅಲ್ಲ. ಆ ಆಕೃತಿಯ ಎಡಹೆಗಲು ಬಲಹೆಗಲಿಗಿಂತ ಕೆಳಗಿತ್ತು. ಅಂಥ ಹೆಗಲು ನಮ್ಮೂರಲ್ಲಿ ಒಬ್ಬಳದೇ. ನನ್ನ ಲಿಂಬೆ ತೋಟದ ಕೆಲಸಕ್ಕೆ ಇಪ್ಪತ್ತು ವರ್ಷದಿಂದ ಹೆಣ್ಣಾಳುಗಳನ್ನು ಕರೆದುಕೊಂಡು ಬರುವವಳು, ನಾನು ಅಕ್ಕಾ ಎಂದು ಕರೆಯುವವಳು. ನಾನು ಖಾಲಿ ಚೀಲ ಹೊತ್ತು ತಿರುಗುವ ಕಾಲದಲ್ಲಿ ತನ್ನ ಬುತ್ತಿಯಲ್ಲಿ ಅರ್ಧ ರೊಟ್ಟಿ ಮುರಿದುಕೊಟ್ಟವಳು.

ಯಾರೂ ಅವಳ ಹೆಸರು ಎತ್ತಲಿಲ್ಲ. ಅಷ್ಟು ಜನರಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಆ ಕಾರ್ಡಿನಲ್ಲಿ ಇನ್ನೂ ನೂರಾರು ಫೋಟೋ ಇದ್ದವು. ಅದರಲ್ಲಿ ಯಾರ ಹೆಂಡತಿ, ಯಾರ ತಾಯಿ, ಯಾರ ಸೊಸೆ ಇದ್ದಾರೆ ಎಂದು ಯಾರಿಗೆ ಗೊತ್ತು? ಹಂದಿ ಸೀರೆ ಉಟ್ಟಿದೆ ಎಂದವನು ಬಸಿಯಲ್ಲಿ ಸುರಿದ ಚಹಾವನ್ನು ಹಾಗೇ ಬಿಟ್ಟು ಎದ್ದು ಹೋದ. ಅವನ ಮನೆಯೂ ಮೂಡಣ ಓಣಿಯಲ್ಲೇ ಇದೆ.

"ಮನೀಗೆ ಹೋಗು," ಅಂದ ಚಾಚಾ. ಬೈಯಲಿಲ್ಲ. ಬೈದಿದ್ದರೆ ಉತ್ತರ ಕೊಡುತ್ತಿದ್ದೆ.

ನಮ್ಮ ಕಡೆ ಒಂದು ಪದ್ಧತಿ ಇದೆ. ಹೊತ್ತು ಮೂಡುವ ಮುಂಚೆ ಗಂಡಸರು ಹೆಣ್ಣುಮಕ್ಕಳು ಹೋಗುವ ದಿಕ್ಕಿಗೆ ಹಾಯುವುದಿಲ್ಲ. ಎತ್ತಿಗೋ ನೀರಿಗೋ ಹೋಗಲೇಬೇಕಾದರೆ ದೂರದಿಂದಲೇ ಜೋರಾಗಿ ಕೆಮ್ಮಿಕೊಂಡು ಬರಬೇಕು. ಕೆಮ್ಮು ಕೇಳಿದ ಕೂಡಲೇ ಅವರು ಎದ್ದು ಮರೆಯಾಗುತ್ತಾರೆ, ನೀವು ಮುಖ ಕೆಳಗೆ ಹಾಕಿ ದಾಟುತ್ತೀರಿ. ನನ್ನಪ್ಪ ಓಣಿಯ ತುದಿಯಿಂದಲೇ ಕೆಮ್ಮಲು ಶುರು ಮಾಡುತ್ತಿದ್ದ. ನಾನೂ ಐವತ್ತು ವರ್ಷ ಹಾಗೇ ನಡೆದುಕೊಂಡು ಬಂದವನು. ಎಷ್ಟು ಚೆನ್ನಾಗಿ ನಡೆದುಕೊಂಡೆ ಎಂದರೆ, ಆ ಹಾದಿ ಎಲ್ಲಿ ಹೊರಟು ಎಲ್ಲಿ ಮುಗಿಯುತ್ತದೆ ಎಂದು ಒಂದು ದಿನವೂ ನೋಡಿರಲಿಲ್ಲ. ನೋಡಬಾರದ್ದನ್ನು ನೋಡದೆ ಉಳಿದ ನನ್ನ ಮರ್ಯಾದೆಯೇ ನನ್ನನ್ನು ಆ ಬೇವಿನ ಗಿಡದ ಹತ್ತಿರ ತಂದು ನಿಲ್ಲಿಸಿತು. ನಾನು ಕೆಮ್ಮುತ್ತಿದ್ದೆ. ನಾನು ಕಟ್ಟಿದ್ದು ಕೆಮ್ಮಲಿಲ್ಲ.

ಮನೆಯಲ್ಲಿ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ಹೇಳಿದೆ. ಅವಳ ಕೈ ನಿಂತಿತು.

"ಯಾವ ಜಾಗಾ?"

"ಬೇವಿನ ಗಿಡದ ಹತ್ರ. ಜಾಲಿ ಸಂದಿ."

"ಅದು ನಮ್ಮ ದಾರಿ."

"ನಮ್ಮ ಅಂದ್ರ?"

"ಹೆಣ್ಮಕ್ಕಳದು. ಮನ್ಯಾಗ ಸಂಡಾಸ ಕಟ್ಟೋ ತನಕ ಒಂಬತ್ತು ವರ್ಷ ನಾನೂ ಅದ ದಾರೀಲೆ ಹೋಗೇನಿ."

"ನನಗ ಒಂದ್ ಮಾತ ಹೇಳಬಾರದಿತ್ತೇನು?"

"ಎಲ್ಲಿ ಕಟ್ಟತೇನಿ ಅಂತ ನೀವು ಹೇಳಿದ್ರೇನು? ಗೊಳಸಂಗಿ ಬೀಗರನ್ನ ಕೇಳಿದ್ರಿ. ಮುದ್ದೇಬಿಹಾಳದಾವನ್ನ ಕೇಳಿದ್ರಿ. ಯೂಟ್ಯೂಬಿನ್ಯಾಗ ಯಾವನೋ ಹ್ಯಾಟ್ ಹಾಕ್ಕೊಂಡಾವನ್ನ ಕೇಳಿದ್ರಿ. ನಾ ಇಲ್ಲೇ ಹಿಟ್ಟ ಕಲಸ್ಕೋತ ಕುಂತಿದ್ದೆ."

ಒಂಬತ್ತು ವರ್ಷ. ನನ್ನ ಹೊಲದ ಬದುವಿನಲ್ಲೇ ನನ್ನ ಹೆಂಡತಿ ಕತ್ತಲಲ್ಲಿ ನಡೆದುಹೋಗಿ ಬಂದಿದ್ದಾಳೆ, ನನಗೆ ಆ ಹಾದಿ ಗೊತ್ತಿಲ್ಲ. ಅಂಗಡಿ ಕೈಹಿಡಿದ ಮೇಲೆ ಮೊದಲು ಕಟ್ಟಿಸಿದ್ದು ಗೋದಾಮು. ಸಂಡಾಸ ಆಮೇಲೆ.

ಆಗಲೇ ಹೋಗಿ ಕ್ಯಾಮೆರಾ ಬಿಚ್ಚಿದೆ. ಹೋಗುವಾಗ ಹಾಡಹಗಲು ಹತ್ತು ಗಂಟೆಯಾಗಿದ್ದರೂ ನಾನು ಕೆಮ್ಮುತ್ತ ಹೋದೆ. ಈಗ ಆ ಹಾದಿ ಸರಿಯಾಗಿ ಕಂಡಿತು. ಜಾಲಿಯ ಟೊಂಗೆಗಳನ್ನು ಮನುಷ್ಯರ ಹೆಗಲಿನ ಎತ್ತರಕ್ಕೆ ಮುರಿದು ಬಿಡಿಸಲಾಗಿತ್ತು, ಸೆರಗು ಹಿಡಿಯದಂತೆ. ಹಂದಿಗೆ ಅಷ್ಟು ಎತ್ತರದ ಬಾಗಿಲು ಯಾಕೆ ಬೇಕು?

ಮರುದಿನ ತೋಟಕ್ಕೆ ಒಬ್ಬ ಹೆಣ್ಣಾಳೂ ಬರಲಿಲ್ಲ. ಅದನ್ನು ನಾನು ಎದುರು ನೋಡಿದ್ದೆ. ಎದುರು ನೋಡದಿದ್ದದ್ದನ್ನು ಹೆಂಡತಿ ಎರಡು ದಿನ ಬಿಟ್ಟು ಹೇಳಿದಳು. ಮೂಡಣ ಓಣಿಯವರು ಆ ಹಾದಿಯನ್ನೇ ಬಿಟ್ಟಿದ್ದರು. ತಾಂಬಾ ರಸ್ತೆಯ ಪಕ್ಕದ ಕಾಲುವೆ ದಂಡೆಗೆ ಹೋಗುತ್ತಿದ್ದರು, ಮುಕ್ಕಾಲು ಮೈಲಿ ನಡೆದು. ಅಲ್ಲಿ ಮರೆಯಿಲ್ಲ. ಕಬ್ಬಿನ ಟ್ರ್ಯಾಕ್ಟರುಗಳ ಬೆಳಕು ಬಿದ್ದಾಗಲೆಲ್ಲ ಎಲ್ಲರೂ ದಡಕ್ಕನೆ ಎದ್ದು ನಿಲ್ಲಬೇಕು.

"ಅಕ್ಕನ ಸೊಸಿ ಏಳು ತಿಂಗಳ ಬಸರಿ," ಅಂದಳು ಹೆಂಡತಿ. "ಮುಂಜಾನೆ ಅಷ್ಟ ದೂರ ಹೋಗೂದು ಆಗಂಗಿಲ್ಲಂತ ಆಕಿ ರಾತ್ರಿ ಉಣ್ಣೋದ ಬಿಟ್ಟಾಳಂತ."

ಆ ರಾತ್ರಿ ನನ್ನ ತಾಟಿನಲ್ಲಿದ್ದದ್ದನ್ನು ನಾನು ಹೇಗೆ ಉಂಡೆನೋ ಗೊತ್ತಿಲ್ಲ. ಉಂಡೆ ಎಂಬುದೂ ನಿಜ.

ಮರುದಿನ ಮಧ್ಯಾಹ್ನ ಹೆಂಡತಿಯನ್ನು ಮುಂದೆ ಬಿಟ್ಟುಕೊಂಡು ಅಕ್ಕನ ಮನೆಗೆ ಹೋದೆ. ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟು ಎದ್ದು ನಿಂತಳು.

"ಬರ್ರಿ ಸಾವಕಾರ್ರ. ಕುಂದರ್ರಿ."

ಇಪ್ಪತ್ತು ವರ್ಷ ನನ್ನನ್ನು "ಬಾರೋ ತಮ್ಮಾ" ಎಂದವಳು. ಎಲ್ಲ ಆಳುಗಳ ಮುಂದೆ "ನಿನಗ ಬುದ್ಧಿ ಐತೇನೋ ತಮ್ಮಾ" ಎಂದು ಕೇಳಿದವಳು. ಕೆನ್ನೆಗೆ ಹೊಡೆದಿದ್ದರೆ ಆ ಏಟು ಸಂಜೆಯ ತನಕ ಮಾತ್ರ ಇರುತ್ತಿತ್ತು.

"ಅಕ್ಕಾ, ತಪ್ಪಾತು. ಹಂದಿ ಹಾದಿ ಅಂತ ತಿಳದೆ."

"ಹೌದ್ರಿ. ಕೇಳೇನಿ."

"ಕಾರ್ಡು ತಂದೇನಿ. ನಿನ್ನ ಮುಂದ ಎಲ್ಲಾ ಅಳಸ್ತೇನಿ. ಫೋನಿನ್ಯಾಗೂ ಏನೂ ಇಟ್ಟಿಲ್ಲ, ಬೇಕಾದ್ರ ನೋಡು."

"ನೋಡೂದ ಬ್ಯಾಡ್ರಿ. ಒಡೀರಿ."

ಆಗ ನನ್ನ ಬಾಯಿಂದ ಬಂದ ಮಾತನ್ನು ಬರೆಯದೆ ಬಿಡಬಹುದಿತ್ತು. "ಪೂರಾ ಅಳಸಿದ್ರ ಸಾಕಲ್ಲಕ್ಕಾ, ಐದುನೂರ ರೂಪಾಯಿ ಕಾರ್ಡು..." ಅಂದೆ. ಲೆಕ್ಕ ಮಾಡಿ ಅಂದದ್ದಲ್ಲ. ನಾಲಿಗೆಗೆ ಅದೇ ರೂಢಿ. ನನ್ನ ಹೆಂಡತಿಯೇ ನನ್ನ ಕೈಯಿಂದ ಕಾರ್ಡು ಕಸಿದುಕೊಂಡು, ಅಂಗಳದ ಒರಳಿನ ಪಕ್ಕದಲ್ಲಿದ್ದ ಗುಂಡುಕಲ್ಲನ್ನು ಎತ್ತಿ ಮೂರು ಏಟು ಹಾಕಿದಳು. ಚೂರುಗಳನ್ನು ಸೆರಗಿನಲ್ಲಿ ಬಳಿದುಕೊಂಡು ಒಲೆಗೆ ಹಾಕಿದಳು. ಅಷ್ಟು ಜನರ ಮುಂದೆ ನಾನು ಹಿಗ್ಗಿಸಿ ತೋರಿಸಿದ್ದನ್ನು ಯಾವ ಒಲೆಗೆ ಹಾಕುವುದು?

"ಕ್ಯಾಮೆರಾನೂ ಬಿಚ್ಚೇನಿ ಅಕ್ಕಾ. ಇನ್ನ ನೀವು ಮೊದಲಿನಂಗ ಹೋಗಬಹುದು."

ಅವಳು ಮೊದಲ ಸಲ ನನ್ನ ಮುಖ ನೋಡಿದಳು.

"ಬಿಚ್ಚಿದ್ದು ನಿಮಗ ಗೊತ್ತ್ರಿ. ನಮಗ ಹೆಂಗ ಗೊತ್ತಾಗಬೇಕು? ಕಟ್ಟಿದ್ದೂ ನಮಗ ಗೊತ್ತಿರಲಿಲ್ಲ."

ಕೆಂಪು ಚುಕ್ಕೆಯದನ್ನು ಕಟ್ಟಿದ್ದರೆ ಮೊದಲ ನಸುಕಿನಲ್ಲೇ ಅವರಿಗೆ ಕಾಣುತ್ತಿತ್ತು, ಅವತ್ತೇ ಬಂದು ನನ್ನ ಮಾನ ತೆಗೆಯುತ್ತಿದ್ದರು, ಅಲ್ಲಿಗೆ ಮುಗಿಯುತ್ತಿತ್ತು. ನಾನು ಮೂರು ಸಲ ಮೆಟ್ಟಿಲ ತನಕ ಹೋಗಿ ಬಂದು ಕಾಣದ್ದನ್ನೇ ತಂದಿದ್ದೆ. ಇನ್ನು ಆ ಬದುವಿನ ಪ್ರತಿ ಗಿಡದಲ್ಲೂ ಅವರಿಗೆ ನನ್ನ ಕಣ್ಣು ಇರುತ್ತದೆ.

"ಹಂಗಾದ್ರ ನಾ ಏನ್ ಮಾಡ್ಲಿ?" ಅಂದೆ.

"ಮನೀ ಹಿಂದ ಸರ್ಕಾರದವರು ಕಟ್ಟಿಸಿದ ಸಂಡಾಸ ನಿಂತೈತ್ರಿ, ಎಲ್ಲಾರ ಮನ್ಯಾಗೂ. ಅದ್ರಾಗ ಒಲಿಗೆ ಹಚ್ಚೋ ಸೆಗಣಿ ಕುಳ್ಳು ತುಂಬೇವಿ. ನೀರಿಲ್ಲ. ಕುಡಿಯೋ ನೀರು ಹೊತ್ತ ಹೆಗಲ ಮ್ಯಾಲ ಇನ್ನ ಹತ್ತು ಕೊಡಾ ಎಲ್ಲಿ ಹೊರಬೇಕು?"

"ನೀರು ನಾ ಕೊಡ್ತೇನಿ. ನನ್ನ ಬೋರಿಂದ ಪೈಪ್ ಎಳೀತೇನಿ."

"ಮಾತ ಬ್ಯಾಡ್ರಿ ಸಾವಕಾರ್ರ. ನೀರ ಬರಲಿ, ಆಮ್ಯಾಲ ನೋಡೂಣು."

ಮರುದಿನ ಅಂಗಡಿಯಲ್ಲಿ ಪೈಪು ತೆಗೆಯಲು ಹೋದಾಗ ನನ್ನ ಕೈ ಮೊದಲು ಎರಡನೇ ದರ್ಜೆಯ ಕಟ್ಟಿನ ಕಡೆಗೆ ಹೋಯಿತು. ಆಮೇಲೆ ಮೊದಲನೇ ದರ್ಜೆಯದನ್ನು ಹೊರಗೆ ತೆಗೆಸಿದೆ. ಯಾರೂ ನೋಡುತ್ತಿರಲಿಲ್ಲ, ಆದರೂ ಕಿವಿ ಬಿಸಿಯಾಯಿತು. ಬೋರಿನಿಂದ ಮೂಡಣ ಓಣಿಯ ತನಕ ತಗ್ಗು ತೋಡಿ, ಪೈಪು ಹೂತು, ಮನೆಮನೆಯ ಹಿಂದೆ ಒಂದೊಂದು ನಳ ನಿಲ್ಲಿಸುವುದಕ್ಕೆ ಹನ್ನೊಂದು ದಿನ ಹಿಡಿಯಿತು. ಆ ಹನ್ನೊಂದು ದಿನವೂ ಅವರು ರಸ್ತೆಯ ಪಕ್ಕದಲ್ಲೇ ಹೋಗಿಬಂದರು. ಹತ್ತನೆಯ ದಿನ ಕೆಲಸ ನೋಡಲು ಬಂದ ಚಾಚಾ ಪೈಪಿನ ಮೇಲೆ ಕಾಲಿಟ್ಟು ನಿಂತು, "ರೇಟ್ ಮುರೀಲಿಲ್ಲೇನ್ ಅಗಿಯಾವರದು?" ಎಂದು ಕೇಳಿದ. "ಇಲ್ಲ" ಅಂದೆ. "ಹೂಂ" ಎಂದು ಹೊರಟುಹೋದ. ಅದು ನಗೆಚಾಟಿಕೆಯೋ ಏನೋ ತಿಳಿಯಲಿಲ್ಲ.

ನೀರು ಬಂದ ದಿನ ಕೆಲವು ಮನೆಗಳಲ್ಲಿ ಕುಳ್ಳು ಹೊರಗೆ ಬಂದವು. ಇನ್ನು ಕೆಲವರ ಮನೆಯಲ್ಲಿ ಇವತ್ತಿಗೂ ಬಂದಿಲ್ಲ. ಅವರು ಈಗಲೂ ಕಾಲುವೆ ದಂಡೆಗೇ ಹೋಗುತ್ತಾರೆ, ಬೇವಿನ ಗಿಡದ ಹಾದಿಗೆ ಮಾತ್ರ ಯಾರೂ ಕಾಲಿಡುವುದಿಲ್ಲ. ಅಲ್ಲಿ ಹುಲ್ಲು ಬೆಳೆದಿದೆ.

ಅಕ್ಕನ ಸೊಸೆಗೆ ಹೆರಿಗೆಯಾಯಿತು, ತಾಯಿ ಮಗು ಚೆನ್ನಾಗಿದ್ದಾರೆ. ಅಕ್ಕ ಈಗ ಮತ್ತೆ ಹೆಣ್ಣಾಳುಗಳನ್ನು ಕರೆದುಕೊಂಡು ತೋಟಕ್ಕೆ ಬರುತ್ತಾಳೆ. ಕೆಲಸ ಮೊದಲಿನ ಹಾಗೇ ಅಚ್ಚುಕಟ್ಟು. "ಆತ್ರಿ ಸಾವಕಾರ್ರ," "ಬರ್ತೇವ್ರಿ ಸಾವಕಾರ್ರ." ಒಂದು ಸಲ ಬೇಕಂತಲೇ ತಪ್ಪು ಲೆಕ್ಕ ಹೇಳಿ ನೋಡಿದೆ, ಮೊದಲಿನ ಹಾಗೆ ಬೈಯಲಿ ಎಂದು. "ನೀವು ಹೇಳಿದಂಗ ಆಗ್ಲಿ ಬಿಡ್ರಿ," ಎಂದು ಸೆರಗು ಸರಿಮಾಡಿಕೊಂಡು ಹೋದಳು.

ಇನ್ನು ನಿಮಗೆ. ಹಂದಿಯ ಹಂಗಾಮಿಗೆ ನೀವೂ ಇಂಥದೊಂದನ್ನು ತರುವವರಿದ್ದರೆ ಹೇಳುತ್ತೇನೆ, ಕೇಳಿ. ಗಡಿಯಾರದ ಸೆಲ್ಲು ತರಬೇಡಿ. ಚಾರ್ಜ್ ಆಗುವಂಥವನ್ನು ತನ್ನಿ, ಎಂಟಕ್ಕೆ ಎಂಟೂ ಒಂದೇ ದಿನ ತಂದವು ಇರಲಿ, ಹಳೆಯದಕ್ಕೆ ಹೊಸದು ಬೆರೆಸಬೇಡಿ. ಔಷಧಿ ಹೊಡೆಯುವ ಪಂಪಿನ ಬ್ಯಾಟರಿಯನ್ನೂ ಕೆಲವಕ್ಕೆ ಜೋಡಿಸಬಹುದು, ಆದರೆ ಕ್ಯಾಮೆರಾದ ಮೇಲೆ ಎಷ್ಟು ವೋಲ್ಟು ಬರೆದಿದೆ ಎಂದು ಓದಿ ಜೋಡಿಸಿ. ಹಂಗಾಮು ಮುಗಿದ ಮೇಲೆ ಸೆಲ್ಲು ತೆಗೆದಿಡಿ. ಕೆಂಪು ಚುಕ್ಕೆ ಕಾಣುವುದನ್ನೇ ತನ್ನಿ. ಹಂದಿ ಒಂದೆರಡು ದಿನ ಬೆದರಿದರೂ ಮತ್ತೆ ಬರುತ್ತದೆ, ಮನುಷ್ಯರಿಗೆ ಮಾತ್ರ ಇಲ್ಲಿ ಏನೋ ಇದೆ ಎಂದು ಗೊತ್ತಾಗುತ್ತದೆ. ಕಟ್ಟಿದ ಜಾಗವನ್ನು ಊರಿಗೆಲ್ಲ ಹೇಳಿ. ಕಳ್ಳತನವಾದರೆ ಆಗಲಿ.

ಹಂದಿಯ ಹಾದಿ ಮೊಣಕಾಲೆತ್ತರದ ಬಿಲದಂತೆ ಪೊದೆಯೊಳಗೆ ನುಗ್ಗುತ್ತದೆ, ಪಕ್ಕದ ಮುಳ್ಳಿಗೆ ಒರಟು ಕೂದಲು, ಗಿಡದ ಬುಡಕ್ಕೆ ಒರೆಸಿದ ಕೆಸರು ಇರುತ್ತದೆ, ನೆಲ ಮೂತಿಯಿಂದ ಕೆದರಿರುತ್ತದೆ. ಸೊಂಟದ ಮೇಲಿನ ಟೊಂಗೆ ಮುರಿದಿದ್ದರೆ ಅದು ಮನುಷ್ಯರದು, ಅಲ್ಲಿ ನಿಲ್ಲಬೇಡಿ. ಕಾರ್ಡಿನಲ್ಲಿ ಬಂದದ್ದನ್ನು ಮೊದಲು ಒಬ್ಬರೇ ಕುಳಿತು ನೋಡಿ. ನಾಲ್ಕು ಜನರ ನಡುವೆ ತೆರೆಯಬೇಡಿ. ಮತ್ತು ಜಾಗ ಆರಿಸುವ ಮುಂಚೆ ಮನೆಯ ಹೆಣ್ಣುಮಕ್ಕಳನ್ನು ಹಗಲು ಹೊತ್ತಿನಲ್ಲಿ ಹೊಲಕ್ಕೆ ಕರೆದುಕೊಂಡು ಹೋಗಿ. ಎಲ್ಲಿ ಕಟ್ಟಬಾರದು ಎಂದು ಅವರನ್ನು ಕೇಳಿ, ಅವರು ಬೇಡ ಎಂದ ಕಡೆ ಯಾಕೆ ಎಂದು ಕೇಳಬೇಡಿ.